ನಗುವ ಯೋಸ್

ಮಡ್ರೂನ್, 3 ಸೆಪ್ಟೆಂಬರ್ 1981

ಪ್ರೀತಿಯ ಅಗಾಥಾ ಅತ್ತೆ,

ಅಮ್ಮ ಹೋದ ಮೇಲೆ ಈ ಮನೆಯಿಂದ ನಿಮಗೆ ಒಂದು ಕಾಗದವೂ ಬಂದಿಲ್ಲ. ನೀವು ಕಳಿಸಿದ ಕ್ರಿಸ್‌ಮಸ್ ಕಾರ್ಡು ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿದಲ್ಲೇ ಇದೆ. ಉತ್ತರ ಬರೆಯಬೇಕಾದವರು ಅಪ್ಪ. ಆದರೆ ನಿಮ್ಮ ಅಣ್ಣನಿಗೆ ಪೆನ್ನು ಹಿಡಿಯುವುದಕ್ಕಿಂತ ಮರ ಕಡಿಯುವುದು ಸುಲಭ ಎಂದು ನಿಮಗೇ ಗೊತ್ತು. ಹಾಗಾಗಿ ಮಗ ವೆಂಡೆಲಿನ್ ಬರೆಯುತ್ತಿದ್ದೇನೆ. ನೀವು ನನ್ನನ್ನು ನೋಡಿದ್ದು ಒಂದೇ ಸಲ, ನಾನು ಕಾಲೇಜಿನಲ್ಲಿದ್ದಾಗ ಹಾರ್ಲೆಮ್‌ಗೆ ಬಂದು ನಿಮ್ಮ ಮನೆಯ ಹೆರಿಂಗ್ ಮೀನನ್ನೆಲ್ಲ ಖಾಲಿ ಮಾಡಿದ್ದೆ.

ವಿಷಯ ಇದು. ಡಿಸೆಂಬರಿನಲ್ಲಿ ನಮ್ಮ ಹೊಸ ಕೇಬಲ್ ಕಾರ್ ಶುರುವಾಗುತ್ತದೆ, ಊರಿನಿಂದ ನೇರ ಮೇಲಿನ ಗಾಲ್ಪ್ ಕೇರಿಗೆ. ನೀವೂ ಅಪ್ಪನೂ ಹುಟ್ಟಿದ ಕೇರಿಗೆ ಇನ್ನು ಸೂಟು ಹಾಕಿಕೊಂಡು ನಿಂತಲ್ಲೇ ಹೋಗಬಹುದು. ಕೆಳಗಿನ ನಿಲ್ದಾಣದ ಹಜಾರದ ಗೋಡೆಗಳ ಮೇಲೆ ಊರಿನ ಚರಿತ್ರೆಯನ್ನೆಲ್ಲ ಹಳೆಯ ಫೋಟೋಗಳಲ್ಲಿ ತೋರಿಸಬೇಕೆಂದು ಪಂಚಾಯಿತಿ ತೀರ್ಮಾನಿಸಿದೆ. ಮೇಷ್ಟ್ರು ಎಂದರೆ ಬಿಟ್ಟಿ ಕೆಲಸಕ್ಕೆ ಹುಟ್ಟಿದವನು, ಆದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ಶಾಲೆ ಬಿಟ್ಟ ಕೂಡಲೇ ಯಾರದೋ ಅಟ್ಟ ಹತ್ತುತ್ತೇನೆ, ಯಾರದೋ ಪೆಟ್ಟಿಗೆ ಕೆದಕುತ್ತೇನೆ. ಊಟಕ್ಕೆ ಕೂತರೂ ಕಾಲು ನಿಲ್ಲುವುದಿಲ್ಲ. ಬರಿಗಾಲಲ್ಲಿ ಮೇಕೆ ಕಾಯುವ ಮಕ್ಕಳು ಸಿಕ್ಕರು. ಹುಲ್ಲಿನ ಹೊರೆಯಡಿ ಕಾಲು ಮಾತ್ರ ಕಾಣುವ ಹೆಂಗಸರು ಸಿಕ್ಕರು. ಮೊದಲ ಹೋಟೆಲು, ಟ್ರ್ಯಾಕ್ಟರ್ ಎಂಜಿನ್ನಿಗೆ ಹಗ್ಗ ಕಟ್ಟಿ ಜನರನ್ನು ಎಳೆದ ಮೊದಲ ಯಂತ್ರ, ಹಿಮಪಾತದಲ್ಲಿ ಅರ್ಧ ಹೂತ ಇಗರ್ಜಿ, ಎಲ್ಲ ಸಿಕ್ಕಿವೆ. ಹಿಟ್ಲರನ ಜನ ನಡೆಸಿದ 1938ರ ಮೆರವಣಿಗೆಯದ್ದೂ ಒಂದು ಸಿಕ್ಕಿತ್ತು. ಊರಿನ ಮುಖ್ಯಸ್ಥ ಎಂಗೆಲ್‌ಬರ್ಟ್ ಅದನ್ನು ನೋಡಿ, ಬಾವುಟಗಳನ್ನು ಎಣಿಸಿ, ತಮ್ಮ ಅಪ್ಪನನ್ನು ಗುರುತಿಸಿ, ಜೇಬಿಗೆ ಹಾಕಿಕೊಂಡುಬಿಟ್ಟರು.

ಎಲ್ಲದರ ನಡುವೆ, ಬಾಗಿಲಿಗೆ ಎದುರು, ಇಡೀ ಗೋಡೆಗೆ ಬರುವುದು ‘ನಗುವ ಯೋಸ್’. ಆ ಚಿತ್ರ ನಿಮಗೆ ಗೊತ್ತಿರಲೇಬೇಕು. ಹ್ಯಾಂಬರ್ಗಿನ ಲೂಡರ್ಸ್ ಎಂಬ ಅತಿಥಿ 1924ರಲ್ಲಿ ತೆಗೆದದ್ದು. ಸ್ಕೀ ತೊಟ್ಟ ಹರೆಯದ ಅಪ್ಪ, ಮುಂದೆ ಕೊಂಬಿನಂತೆ ಬಾಗಿದ ಹಿಡಿಗಳಿರುವ ಜಾರುಬಂಡಿಯ ಎರಡು ಕೊಂಬುಗಳ ನಡುವೆ, ಕಿವಿಯವರೆಗೆ ಬಾಯಿ ಬಿಟ್ಟು ನಗುತ್ತಿದ್ದಾರೆ. ಟೋಪಿಗೆ ಹಸಿರು ಚಿಗುರು ಸಿಕ್ಕಿಸಿದ ನಾಲ್ವರು ಬಂಡಿಯ ಹಗ್ಗ ಹಿಡಿದು ಹಾಡುತ್ತಾ ಬರುತ್ತಿದ್ದಾರೆ. ಎಲ್ಲರ ಹಿಂದೆ, ಪೀಪಾಯಿ ಹಲಗೆಯ ಸ್ಕೀ ಕಟ್ಟಿಕೊಂಡ ಒಬ್ಬ ಪುಟ್ಟ ಹುಡುಗಿ. ಮುಖ ಕಾಣುವುದಿಲ್ಲ. ಅವಳು ಯಾರೆಂದು ಅಪ್ಪನನ್ನು ಕೇಳಿದೆ. “ಅತ್ತೆನ ಕೇಳು” ಎಂದು ಎದ್ದು ಹೋದರು. ಅವರ ಬಾಯಲ್ಲಿ ನಿಮ್ಮ ಹೆಸರಿನಷ್ಟು ಹತ್ತಿರದ ಮಾತು ನಾನು ಕೇಳಿದ್ದು ಅದೇ ಮೊದಲು.

ಹುಡುಗಿ ಯಾರು ಅತ್ತೆ?

ನಿಮ್ಮ ವೆಂಡೆಲಿನ್


ಹಾರ್ಲೆಮ್, 14 ಸೆಪ್ಟೆಂಬರ್ 1981

ವೆಂಡೆಲಿನ್,

ನಿನ್ನ ಕೈಬರಹ ನಿನ್ನ ಅಮ್ಮನದೇ. ಲಕೋಟೆ ನೋಡಿ ಒಂದು ಗಳಿಗೆ ಅವಳೇ ಬರೆದಳೇನೋ ಎಂದುಕೊಂಡೆ. ಅವಳು ಇರುವವರೆಗೆ ಆ ಮನೆಯಲ್ಲಿ ನನಗೆ ಒಂದು ಕಿಟಕಿ ತೆರೆದಿತ್ತು.

ನಾನು ಆರಾಮ. ಟ್ರಾಮ್ ಓಡಿಸುತ್ತಿದ್ದ ಗಂಡ ಹೋಗಿ ವರ್ಷಗಳಾದವು, ಪಿಂಚಣಿ ಬರುತ್ತದೆ, ಮಂಡಿ ಮಾತ್ರ ಮಾತು ಕೇಳುವುದಿಲ್ಲ. ಈ ಊರಿನ ಅತಿ ಎತ್ತರದ ಜಾಗ ಎಂದರೆ ನಮ್ಮ ಕಾಲುವೆಯ ಸೇತುವೆ. ಅದನ್ನು ಹತ್ತಿ ಇಳಿದು ಬ್ರೆಡ್ಡು ತಂದರೆ ನನ್ನ ಪರ್ವತಾರೋಹಣ ಮುಗಿಯಿತು. ಹತ್ತೊಂಬತ್ತರ ಹುಡುಗಿ ಮನೆಗೆಲಸಕ್ಕೆಂದು ಈ ಸಪಾಟು ದೇಶಕ್ಕೆ ಬಂದಾಗ ಎಲ್ಲರೂ ಕೇಳುತ್ತಿದ್ದರು, ಬೆಟ್ಟ ನೆನಪಾಗುವುದಿಲ್ಲವೇ ಎಂದು. ಬೆಟ್ಟವಿಲ್ಲದ ಜಾಗ ಹುಡುಕಿಕೊಂಡೇ ಬಂದೆ ಎಂದು ಯಾರಿಗೂ ಹೇಳಲಿಲ್ಲ.

ಹುಲ್ಲು ಹೊರುವ ಹೆಂಗಸರ ಚಿತ್ರ ದೊಡ್ಡದು ಮಾಡು. ಅವರಲ್ಲಿ ಎಡಗಡೆಯ ಜೋಡಿ ಕಾಲು ನಮ್ಮ ಅಜ್ಜಿಯದಿರಬೇಕು, ಅವಳು ಎಡಗಾಲು ಹೊರಕ್ಕೆ ಹಾಕಿ ನಡೆಯುತ್ತಿದ್ದಳು. ಹಿಮದಲ್ಲಿ ಹೂತ ಇಗರ್ಜಿಯ ಚಿತ್ರವೂ ಗೋಡೆಗೆ ಚೆನ್ನ. ಬಾಗಿಲೆದುರಿಗೆ ಅದನ್ನೇ ಹಾಕು. ಆ ಇನ್ನೊಂದನ್ನು ಬಿಡು. ಊರು ತುಂಬ ಅದನ್ನೇ ನೋಡಿ ನೋಡಿ ನಿಮಗೆ ಸಾಕಾಗಿಲ್ಲವೇ?

ಹುಡುಗಿ ಯಾರೋ ಒಬ್ಬಳು. ಇಷ್ಟು ವರ್ಷದ ಮೇಲೆ ಯಾರಾದರೇನು.

ಅಣ್ಣನ ಮುಂದಿನ ಹಲ್ಲನ್ನು ಮಾತ್ರ ಆ ಚಿತ್ರದಲ್ಲಿ ಕಣ್ತುಂಬ ನೋಡಿಕೊಂಡುಬಿಡು. ಅದೇ ಅದರ ಕೊನೆಯ ದರ್ಶನ. ಆ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಬಾಯಿ ತುಂಬ ರಕ್ತ ಮಾಡಿಕೊಂಡು ಬಂದಿದ್ದ. ಎಲ್ಲಿ ಶ್ನಾಪ್ಸ್ ಕುಡಿದು ಯಾವ ಮೆಟ್ಟಿಲ ಮೇಲೆ ಬಿದ್ದಿದ್ದನೋ. ಕೇಳಿದರೆ ಬಾಯಿಗೆ ಬೀಗ.

ಅಗಾಥಾ ಅತ್ತೆ


ಮಡ್ರೂನ್, 28 ಸೆಪ್ಟೆಂಬರ್ 1981

ಪ್ರೀತಿಯ ಅತ್ತೆ,

ಸಿಕ್ಕಿಬಿದ್ದಿರಿ. ಯಾರೋ ಒಬ್ಬಳು ಎಂದು ಬರೆದು, ಮುಂದಿನ ಸಾಲಿನಲ್ಲೇ ‘ಆ ದಿನ ಮಧ್ಯಾಹ್ನ’ ಎಂದರೆ ಮೇಷ್ಟ್ರು ಬಿಡುತ್ತಾನೆಯೇ? ಪೀಪಾಯಿ ಹಲಗೆಯ ಹುಡುಗಿ ನೀವೇ. ಮುಖ ಕಾಣದಂತೆ ಫೋಟೋ ಬಂದಿದ್ದಕ್ಕೆ ಇನ್ನೂ ಸಿಟ್ಟು ಅಷ್ಟೆ. ಚಿಂತೆ ಬೇಡ, ಬರಹದಲ್ಲಿ ನಿಮ್ಮ ಹೆಸರು ಹಾಕಿಸುತ್ತೇನೆ.

ಚಿತ್ರ ಬಿಡುವುದಂತೂ ನನ್ನ ಕೈಯಲ್ಲಿಲ್ಲ. ಪಂಚಾಯಿತಿಯಲ್ಲಿ ಎಲ್ಲರೂ ಕೈಯೆತ್ತಿ ಆಗಿದೆ, ಫೋಟೋದ ಗಾಜಿನ ಫಲಕ ದೊಡ್ಡದು ಮಾಡಿಸಲು ಇನ್ಸ್‌ಬ್ರುಕ್ಕಿಗೆ ಹೋಗಿ ಆಗಿದೆ. ಮನೆಯೆತ್ತರದ ಅಪ್ಪ ಬರುತ್ತಾರೆ. ಬೆಂಕಿಪೊಟ್ಟಣದ ಮೇಲೆ ಅವರೇ, ಬಿಯರ್ ಲೋಟದ ಕೆಳಗಿನ ರಟ್ಟಿನ ಮೇಲೆ ಅವರೇ, ಚೌಕದ ಹೋಟೆಲಿಗೆ ಅವರದೇ ಹೆಸರು. ಇಷ್ಟಾದರೂ ಅವರು ಆ ಹೋಟೆಲಿನ ಹೊಸ್ತಿಲು ತುಳಿದದ್ದನ್ನು ನಾನು ನೋಡಿಲ್ಲ. ಮೂಗಿಗಿಂತ ಮೂಗುತಿ ಭಾರವಾಗಿದೆ ಎಂದು ಅಮ್ಮ ಹೇಳುತ್ತಿದ್ದಳು.

ಎಂಗೆಲ್‌ಬರ್ಟ್ ತಾವೇ ಕೂತು ಬರಹ ಬರೆದಿದ್ದಾರೆ: ‘ಮಡ್ರೂನಿನ ಮೊದಲ ಸ್ಕೀ ವಿಹಾರ, 1924. ನಾವು ನಗುತ್ತಾ ಇಳಿದೆವು, ನೀವು ನಗುತ್ತಾ ಬನ್ನಿ.’ ಡಿಸೆಂಬರ್ 20ರ ಭಾನುವಾರ ಉದ್ಘಾಟನೆ. ಚಿತ್ರದಲ್ಲಿದ್ದವರಲ್ಲಿ ಬದುಕಿರುವವರು ಅಪ್ಪ ಮತ್ತು, ಈಗ ಗೊತ್ತಾದಂತೆ, ನೀವು. ಇಬ್ಬರೂ ಸೇರಿ ಪಟ್ಟಿ ಕತ್ತರಿಸಬೇಕೆಂದು ಪಂಚಾಯಿತಿಯ ಆಸೆ. ರೈಲು ಅವರದು, ಕೋಣೆ ಅವರದು. ಬನ್ನಿ ಅತ್ತೆ.

ಒಂದು ಪ್ರಶ್ನೆ ಉಳಿದಿದೆ. ಬಂಡಿಯ ಮೇಲೆ ಬಿಳಿ ಬಟ್ಟೆಯ ಕೆಳಗೆ ಏನಿತ್ತು? ಅತಿಥಿಗಳ ಪೆಟ್ಟಿಗೆ ಎನ್ನುತ್ತಾರೆ ಎಂಗೆಲ್‌ಬರ್ಟ್. ಗಾಲ್ಪಿನಿಂದ ಇಳಿಸಿದ ಚೀಸು ಎನ್ನುತ್ತೇನೆ ನಾನು. ಒಂದು ಬಾಟಲಿ ವೈನಿನ ಪಂದ್ಯ ಕಟ್ಟಿದ್ದೇವೆ, ತೀರ್ಪು ನಿಮ್ಮದು.

ವೆಂಡೆಲಿನ್


ಹಾರ್ಲೆಮ್, 5 ಅಕ್ಟೋಬರ್ 1981

ವೆಂಡೆಲಿನ್,

ಪಂದ್ಯದಲ್ಲಿ ಇಬ್ಬರೂ ಸೋತಿರಿ. ಬಟ್ಟೆಯ ಕೆಳಗೆ ಇದ್ದದ್ದು ನಮ್ಮ ಅಮ್ಮ.

ಕೂತು ಬರೆಯಲಾಗದೆ ಮೂರು ಸಲ ಎದ್ದು ಒಲೆಯ ಹತ್ತಿರ ಹೋಗಿ ಬಂದೆ. ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ಯಾರೂ ಹೇಳಿಲ್ಲ ಎಂದು ಕಾಗದ ಓದಿಯೇ ಗೊತ್ತಾಯಿತು. ಚೀಸು ಎಂದು ಬರೆಯುವಷ್ಟು ನೀನು ಕೆಟ್ಟವನಲ್ಲ. ಆದರೆ ಊರಿನ ಮುದುಕರಿಗೆಲ್ಲ ಗೊತ್ತಿತ್ತು. ಒಬ್ಬೊಬ್ಬರಾಗಿ ಬಾಯಿ ಬಿಡದೆ ಸತ್ತರು, ಆ ಚಿತ್ರ ಊರಿಗೆ ಅತಿಥಿಗಳನ್ನು ತರುತ್ತಿತ್ತಲ್ಲ.

ಗಾಲ್ಪಿನಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ಮಣ್ಣು ಸಿಗುತ್ತಿರಲಿಲ್ಲ. ದಾರಿ ಮುಚ್ಚಿರುತ್ತಿತ್ತು, ಇಗರ್ಜಿ ಕೆಳಗೆ. ಹಿಮ ಕರಗುವ ತನಕ ಹೆಣವನ್ನು ಅಟ್ಟದ ಮೇಲೆ ಹಲಗೆಯಲ್ಲಿ ಮಲಗಿಸುತ್ತಿದ್ದರು. ಹಿಂದಿನ ವರ್ಷ ನಮ್ಮ ಅಪ್ಪ ಹಿಮಪಾತದಡಿ ಸಿಕ್ಕಿ ಹೋಗಿದ್ದ. ಆ ಜನವರಿಯಲ್ಲಿ ಅಮ್ಮ ಕೆಮ್ಮಿ ಕೆಮ್ಮಿ ಹೋದಳು. ಅವಳನ್ನು ಮಲಗಿಸಿದ್ದು ನನ್ನ ಹಾಸಿಗೆಯ ನೇರ ಮೇಲೆ. ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೆಯೇ. ಅಜ್ಜಿ ಮಲಗುವ ಮುನ್ನ ಮೇಲಕ್ಕೆ ನೋಡಿ, “ಬಾರ್ಬರಾ, ಚಳಿ ಹೆಚ್ಚಿದೆ, ಒಳ್ಳೇದಾಯ್ತು” ಎನ್ನುತ್ತಿದ್ದಳು. ಆಮೇಲೆ ನನಗೆ ಮೇಲಿನಿಂದ ಸದ್ದು ಕೇಳತೊಡಗಿತು. ಅಮ್ಮ ಎದ್ದು ಓಡಾಡುತ್ತಿದ್ದಾಳೆ ಎಂದು ಅಣ್ಣನಿಗೆ ಹೇಳಿದೆ. ಅವನು ಲಾಂದ್ರ ಹಿಡಿದು ಹತ್ತಿದ. ಬಹಳ ಹೊತ್ತು ಇಳಿಯಲಿಲ್ಲ. ಬಂದು, “ಏನೂ ಇಲ್ಲ, ಮಲಕ್ಕೋ” ಎಂದ. ಮಾರನೆಯ ದಿನ ಬೆಳಿಗ್ಗೆ, ಅಮ್ಮನನ್ನು ಈಗಲೇ ಕೆಳಗೆ ಒಯ್ಯುತ್ತೇನೆ, ಲೂಡರ್ಸ್ ಕಲಿಸಿದ ಸ್ಕೀ ನನಗೆ ಬರುತ್ತದೆ ಎಂದು ಹಟ ಹಿಡಿದ. ನಡುಚಳಿಗಾಲದಲ್ಲಿ ಹಾಗೆ ಯಾರೂ ಮಾಡಿರಲಿಲ್ಲ. ಅಜ್ಜಿ ಬೈದಳು, ಅತ್ತಳು, ಕೊನೆಗೆ ಮದುವೆಯಲ್ಲಿ ತಂದ ಬಿಳಿ ಹಾಸನ್ನು ಹೊದಿಸಲು ಕೊಟ್ಟಳು.

ಅವನನ್ನು ಆ ಬೆಳಿಗ್ಗೆ ನಾನು ದೇವರಂತೆ ನೋಡಿದೆ. ಅದಕ್ಕೇ ಮುಂದಿನದು ಇಷ್ಟು ನೋಯುತ್ತದೆ.

ಹೆಣ ಇಳಿಯುವಾಗ ಬಂಡಿಯ ಮುಂದೆ ಹಿಡಿದ ಮಗ ದಾರಿಯ ಒಂದೊಂದು ಮನೆಯ ಮುಂದೆಯೂ ಸತ್ತವರ ಹೆಸರು ಕೂಗಬೇಕು. ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮಗನಲ್ಲದೆ ಬೇರೆಯವರು ಕೂಗುವಂತಿಲ್ಲ. ಸಾವಿನ ಗುರುತಿಗೆ ಟೋಪಿಗೆ ಚಿಗುರು ಸಿಕ್ಕಿಸಿ ಹಗ್ಗ ಹಿಡಿದ ನಾಲ್ವರು ಜಪಮಾಲೆ ಹೇಳುತ್ತಿದ್ದರು, ನೀನು ಹಾಡು ಎಂದುಕೊಂಡದ್ದು ಅದನ್ನು. ನಾನು ಹಿಂದೆ. ಮೊದಲ ಮನೆ ಬಂತು, ಅಣ್ಣ ಕೂಗಲಿಲ್ಲ. ಗಿರಣಿ ಬಂತು, ಕೂಗಲಿಲ್ಲ. ಕಮ್ಮಾರನ ಮನೆಯ ಮುಂದೆ ನಾನೇ ಕೂಗೋಣವೆಂದು ಬಾಯಿ ತೆರೆದೆ, ಧೈರ್ಯ ಬರಲಿಲ್ಲ. ಒಬ್ಬರೂ ಬಾಗಿಲಿಗೆ ಬರಲಿಲ್ಲ. ಅಮ್ಮ ಸೌದೆಯ ಹೊರೆಯ ಹಾಗೆ ಊರಿಗೆ ಇಳಿದಳು.

ಎರಡು ವರ್ಷದ ಮೇಲೆ ಅಂಗಡಿಯಲ್ಲಿ ಆ ಫೋಟೋ ಅಂಚೆ ಕಾರ್ಡಾಗಿ ಬಂತು. ಆಗ ಕಂಡೆ ಅವನು ಯಾಕೆ ಕೂಗಲಿಲ್ಲ ಎಂದು. ಕ್ಯಾಮೆರಾ ಕಂಡು ನಗುತ್ತಿದ್ದ. ಅಮ್ಮನನ್ನು ಎಳೆಯುತ್ತಾ ನಗುತ್ತಿದ್ದ. ಯಾಕೆಂದು ಕೇಳಿದೆ, ಅತ್ತುಬಿಟ್ಟೆ, ಅವನ ಎದೆಗೆ ಗುದ್ದಿದೆ. ಅವನು ಒಂದು ಮಾತು ಆಡಲಿಲ್ಲ. ಆಮೇಲೆ ನಾನೂ ಅವನೊಂದಿಗೆ ಆಡಲಿಲ್ಲ.

ಆ ನಗುವನ್ನು ಮನೆಯೆತ್ತರ ಮಾಡಿ, ಅದರ ಕೆಳಗೆ ‘ನಗುತ್ತಾ ಬನ್ನಿ’ ಎಂದು ಬರೆದು ತೂಗುಹಾಕುವುದಾದರೆ ನನಗೆ ಇನ್ನು ಬರೆಯಬೇಡ. ಈ ಕಾಗದ ನಿನ್ನ ಅಪ್ಪನಿಗೆ ಓದಿ ಹೇಳು.

ಅಗಾಥಾ


ಮಡ್ರೂನ್, 22 ನವೆಂಬರ್ 1981

ಪ್ರೀತಿಯ ಅತ್ತೆ,

ಇಷ್ಟು ತಡ ಮಾಡಿದ್ದಕ್ಕೆ ಕ್ಷಮೆ ಕೇಳಲೂ ಮುಖವಿಲ್ಲ. ಚೀಸು ಎಂದು ಬರೆದ ಕೈ ಇದು.

ಕಾಗದವನ್ನು ಅಪ್ಪನಿಗೆ ಓದಿದೆ. ಕೊನೆಯವರೆಗೂ ಕೇಳಿದರು. ಏನೂ ಹೇಳಲಿಲ್ಲ. ಈಗ ಆರಾಮವಾಗಿದ್ದಾರೆ, ಮಾತು ಸ್ವಲ್ಪ ಕಡಿಮೆ.

ಎಂಗೆಲ್‌ಬರ್ಟ್ ಹತ್ತಿರ ಎರಡು ಸಲ ಹೋದೆ. ಮೊದಲ ಸಲ ಅವರು ನಿಜಕ್ಕೂ ಬೆಚ್ಚಿದರು, ಟೋಪಿ ತೆಗೆದರು. ಎರಡನೆಯ ಸಲ ಹೋಗುವಷ್ಟರಲ್ಲಿ ಯೋಚನೆ ಮಾಡಿ ಇಟ್ಟುಕೊಂಡಿದ್ದರು. “ಮೇಷ್ಟ್ರೇ, ಸತ್ತೋರಿಗೆ ಏನ್ ಗೊತ್ತಾಗುತ್ತೆ? ಈ ಊರಿಗೆ ಇಷ್ಟು ವರ್ಷ ಅನ್ನ ಹಾಕಿರೋ ಫೋಟೋ ಅದು. ನಾವು ಬಾಯಿ ಮುಚ್ಕೊಂಡ್ರೆ ಯಾರಿಗೂ ನೋವಿಲ್ಲ” ಎಂದರು. ನಾನು ವಾದ ಮಾಡಿದೆ, ಆದರೆ ಗೆದ್ದು ಬಂದೆ ಎಂದು ಬರೆಯಲಾರೆ.

ಇಲ್ಲಿ ಯಾರ ಮನಸ್ಸೂ ನೆಟ್ಟಗಿಲ್ಲ. ನವೆಂಬರ್ ಮುಗಿಯುತ್ತಾ ಬಂದರೂ ಒಂದು ಹಿಡಿ ಹಿಮ ಬಿದ್ದಿಲ್ಲ. ಬೆಚ್ಚನೆಯ ಫ್ಯೋನ್ ಗಾಳಿ ವಾರದಿಂದ ಬೀಸುತ್ತಿದೆ, ಮಕ್ಕಳು ತರಗತಿಯಲ್ಲಿ ಜಗಳವಾಡುತ್ತಾರೆ, ಹೋಟೆಲಿನವರು ಬಾಗಿಲಿಗೆ ಬಂದು ಆಕಾಶ ನೋಡಿ ಒಳಗೆ ಹೋಗುತ್ತಾರೆ. ನಾನು ರಾತ್ರಿ ನಿದ್ದೆ ಬಾರದೆ ಆ ಅಂಚೆ ಕಾರ್ಡನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಚುಕ್ಕಿಗಳಲ್ಲದೆ ಏನೂ ಕಾಣುವುದಿಲ್ಲ. ಅಪ್ಪ ನಗುತ್ತಿರುವುದು ನಿಜ, ಅತ್ತೆ. ಅದನ್ನು ಅಲ್ಲವೆನ್ನಲು ನನಗೆ ಆಗುತ್ತಿಲ್ಲ. ಆದರೆ ನನಗೆ ಗೊತ್ತಿರುವ ಅಪ್ಪ ಆ ಮನುಷ್ಯನಲ್ಲ. ನನ್ನ ಮದುವೆಯಲ್ಲೂ ಅವರು ಅಷ್ಟು ನಗಲಿಲ್ಲ.

ನೀವು ಬಂದು ಅವರೆದುರು ಕೂತು ಒಂದು ಸಲ ಕೇಳಿದರೆ?

ವೆಂಡೆಲಿನ್


ಹಾರ್ಲೆಮ್, 30 ನವೆಂಬರ್ 1981

ವೆಂಡೆಲಿನ್,

ಏಳು ವಾರ ಕಾಯಿಸಿ ಬರೆದದ್ದು ಇಷ್ಟೇ: ಊರು ಒಪ್ಪಲಿಲ್ಲ, ಅಪ್ಪ ಆರಾಮ. ಆರಾಮವಾಗಿರಲಿ. ಅವನಿಗೆ ಯಾವಾಗ ಆರಾಮವಿರಲಿಲ್ಲ? ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ಸುಮ್ಮನೆ ಹೇಳಿಲ್ಲ. ನಿಮ್ಮ ಮುಖ್ಯಸ್ಥರು ಹೇಳಿದ್ದೂ ಅದನ್ನೇ, ಉದ್ದ ಮಾಡಿ.

ಇದರೊಳಗೆ ನನ್ನ ಅಂಚೆ ಕಾರ್ಡು ಇದೆ. ಅಂಗಡಿಯಿಂದ ಆ ದಿನ ಕದ್ದದ್ದು. ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು, ಮೂಲೆ ಸವೆದಿದೆ ನೋಡು. ಚಿತ್ರ ಬೇಡ ಎನ್ನುವ ಮುದುಕಿ ಅದನ್ನೇ ಎದೆಗೆ ಕಟ್ಟಿಕೊಂಡಿದ್ದಳೇ ಎಂದು ನಗಬೇಡ. ಅಮ್ಮನದು ಬೇರೆ ಫೋಟೋ ಇಲ್ಲ. ಯಾರೂ ತೆಗೆಯಲಿಲ್ಲ. ಆ ಬಿಳಿ ಬಟ್ಟೆಯ ಕೆಳಗೆ ಒಂದು ಉಬ್ಬು ಇದೆಯಲ್ಲ, ಅದು ಅವಳ ಕೈಗಳು. ಅಷ್ಟೇ ನನಗಿದ್ದದ್ದು. ಅಣ್ಣನ ಮುಖದ ಮೇಲೆ ಹೆಬ್ಬೆಟ್ಟು ಇಟ್ಟು ಉಳಿದದ್ದನ್ನು ನೋಡುತ್ತಿದ್ದೆ.

ಇನ್ನು ಅದು ಗೋಡೆ ತುಂಬ ಬರುವುದರಿಂದ ನನಗೆ ಬೇಡ. ಎಷ್ಟು ದೊಡ್ಡ ಹೆಬ್ಬೆಟ್ಟು ತರಲಿ?

ಅಗಾಥಾ


ಮಡ್ರೂನ್, 9 ಡಿಸೆಂಬರ್ 1981

ಅತ್ತೆ,

ಈ ಕಾಗದವನ್ನು ನಿಂತು ಓದಬೇಡಿ, ಕೂತುಕೊಳ್ಳಿ. ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಅದನ್ನು ಮುಚ್ಚಿಟ್ಟದ್ದು ನಾನೇ. ನಿಮ್ಮ ಕಾಗದ ಓದಿ ಹೇಳಿದ ವಾರದಲ್ಲೇ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ನಿಮ್ಮ ಕಾಗದದಿಂದಲೇ ಹೀಗಾಯಿತೆಂದು ನೀವು ತಿಳಿಯಬಾರದು ಎಂದು ಆರಾಮ ಎಂದು ಬರೆದೆ. ಅವರು ಮಾತಾಡದಿದ್ದದ್ದು ಮೊಂಡುತನದಿಂದ ಮಾತ್ರವಲ್ಲ.

ಇನ್ನು ಮುಖ್ಯವಾದದ್ದು. ಮೊನ್ನೆ ಇನ್ಸ್‌ಬ್ರುಕ್ಕಿನಿಂದ ದೊಡ್ಡ ಚಿತ್ರ ಪಟ್ಟಿ ಪಟ್ಟಿಯಾಗಿ ಬಂತು. ಶಾಲೆಯ ಆಟದ ಹಜಾರದ ನೆಲದ ಮೇಲೆ ಹಾಸಿದೆ. ಬೂಟು ಕಳಚಿ ಅದರ ಪಕ್ಕದಲ್ಲೇ ಮಂಡಿಯೂರಿ ಸರಿಯುತ್ತಾ ಧೂಳು ಒರೆಸುತ್ತಿದ್ದೆ. ಅಪ್ಪನ ಮುಖ ಒಂದು ಬಾಗಿಲಿನಷ್ಟು ದೊಡ್ಡದಿತ್ತು. ಬಾಯಿಯ ಎಡ ತುದಿಯಿಂದ ಭುಜದ ಮೇಲೆ ಹಾದು ಹಿಂದಕ್ಕೆ ಒಂದು ತೆಳ್ಳನೆಯ ಬಿಳಿ ಗೆರೆ ಕಂಡಿತು. ಗಾಜಿನ ಫಲಕ ಗೀಚಿದೆ ಎಂದುಕೊಂಡು ರಬ್ಬರಿನಿಂದ ಉಜ್ಜಿದೆ. ಹೋಗಲಿಲ್ಲ. ಗೆರೆಯನ್ನು ಹಿಡಿದು ಹೋದೆ. ಅದು ಬಿಳಿ ಹಾಸಿನ ಅಂಚಿಗೆ ಹೋಗಿ ಸೇರಿತು.

ಅದು ದಾರ, ಅತ್ತೆ. ಹಾಸಿನ ಮುಂದಿನ ಅಂಚಿನ ದಾರ. ಅಪ್ಪ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾರೆ. ತುಟಿ ಹಿಂದಕ್ಕೆ ಸರಿದು ಹಲ್ಲೆಲ್ಲ ಕಾಣುತ್ತಿರುವುದು ಅದಕ್ಕೆ. ಅಂಚೆ ಕಾರ್ಡಿನಲ್ಲಿ ಆ ದಾರ ಕಾಣುವಷ್ಟು ದೊಡ್ಡದಲ್ಲ, ಮುಖ ಮಾತ್ರ ಕಾಣುತ್ತದೆ.

ಓಡಿ ಮನೆಗೆ ಹೋಗಿ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆತಂದೆ. ತಮ್ಮದೇ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ದಾರ ತೋರಿಸಿದೆ. ಅವರು ಒಂದೊಂದೇ ಪದವಾಗಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಫ್ಯೋನ್ ಎದ್ದಿತ್ತು. ಹಾಸು ಹಾರ್ತಿತ್ತು. ಎರಡೂ ಕೈ ಕೊಂಬಿನ ಮೇಲೆ, ಬಿಟ್ರೆ ಬಂಡಿ ಕಣಿವೆಗೆ. ಹಿಂದೆ ಅಗಾಥಾ ಬರ್ತಿದ್ಲು.”

ಹಾರಿದರೆ ಏನಾಗುತ್ತಿತ್ತು ಎಂದೆ. ನಿಮಗೆ ಕೇಳಿಸಿದ ಸದ್ದು ನಿಜವಾಗಿಯೂ ಇತ್ತಂತೆ. ಕೋಳಿ ಕದಿಯುವ ಮಾರ್ಡರ್ ಎಂಬ ಮುಂಗುಸಿಯಂಥ ಪ್ರಾಣಿ ಅಟ್ಟಕ್ಕೆ ನುಗ್ಗಿತ್ತು. ಲಾಂದ್ರ ಹಿಡಿದು ಹತ್ತಿದಾಗ, ಅದು ಕಚ್ಚಿ ಕೆಡಿಸಿದ್ದ ಬಾರ್ಬರಾ ಅಜ್ಜಿಯ ಮುಖವನ್ನು ಅಪ್ಪ ನೋಡಿದರು. ಅದಕ್ಕೇ ಮಾರನೆಯ ದಿನ ಆ ಹಟ. ಅದಕ್ಕೇ ದಾರ. ಅಜ್ಜಿಯ ಹೆಸರು ಕೂಗಬೇಕಾದರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಹಾಸು ಹಾರುತ್ತದೆ, ಹಾರಿದರೆ ನೀವು ನೋಡುತ್ತೀರಿ. ಇಗರ್ಜಿಯ ಬಾಗಿಲ ತನಕ ಹಲ್ಲು ಸಡಿಲಿಸಲಿಲ್ಲ. ಕೊನೆಯ ತಿರುವಿನಲ್ಲಿ ಬಂಡಿ ಎಗರಿ ದಾರ ಜಗ್ಗಿತು, ಹಲ್ಲು ಹೋಯಿತು.

“ಯಾಕೆ ಹೇಳಲಿಲ್ಲ ಅಪ್ಪ, ಅಗಾಥಾ ಅತ್ತೆ ನಿಮ್ಮನ್ನು ಇಷ್ಟು ವರ್ಷ ದ್ವೇಷಿಸಿದರಲ್ಲ” ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. “ಹೇಳಿದ್ರೆ, ಹಾಸಿನ ಕೆಳಗೆ ಏನಿತ್ತು ಅಂತ ಕೇಳ್ತಿದ್ಲು. ಹನ್ನೊಂದು ವರ್ಷದ ಹುಡುಗಿ. ನನ್ ಮೇಲೆ ಸಿಟ್ಟಿರ್ಲಿ ಬಿಡು ಅಂದ್ಕೊಂಡೆ” ಎಂದರು. ಈಗ ಬರೆಯಲೇ ಎಂದೆ. “ಬರಿ. ಅವಳಿಗೂ ವಯಸ್ಸಾಯ್ತು” ಎಂದರು.

ಆಮೇಲೆ ನಾನು ಎಂಗೆಲ್‌ಬರ್ಟ್ ಮನೆಗೆ ಹೋದೆ. ಈ ಸಲ ವಾದ ಮಾಡಲಿಲ್ಲ. ಸುಳ್ಳು ಬರಹ ಬಂದರೆ ನನ್ನ ಪೆಟ್ಟಿಗೆಗಳ ಒಂದು ಚಿತ್ರವೂ ಗೋಡೆಗೆ ಬರುವುದಿಲ್ಲ ಎಂದೆ. ಕೇಬಲ್ ಕಾರಿನ ಎರಡು ಕಂಬ ನಿಂತಿರುವುದು ಗಾಲ್ಪಿನಲ್ಲಿ ಅಪ್ಪನ ಹುಲ್ಲುಗಾವಲಿನಲ್ಲಿ ಎಂದೂ ನೆನಪಿಸಿದೆ. ಎರಡನೆಯದು ಹೆಚ್ಚು ಕೆಲಸ ಮಾಡಿತೇನೋ. ಕೊನೆಗೆ ಒಪ್ಪಿದ್ದು ಹೀಗೆ: ಚಿತ್ರ ಹಾಕಿದರೆ ನಿಜವಾದ ಬರಹದೊಂದಿಗೆ, ಇಲ್ಲದಿದ್ದರೆ ಹಿಮದಲ್ಲಿ ಹೂತ ಇಗರ್ಜಿ. ಯಾವುದೆಂದು ಹೇಳಬೇಕಾದವರು ನೀವು. ಅಪ್ಪನೂ ಅದನ್ನೇ ಹೇಳಿದರು, ಮೊದಲ ಸಲ ಹೇಳಿದ ಅದೇ ಮಾತಿನಲ್ಲಿ: “ಅತ್ತೆನ ಕೇಳು.”

ನಿಮ್ಮ ಕಾರ್ಡನ್ನು ಅಪ್ಪನ ಕೈಗೆ ಕೊಟ್ಟೆ. ಸವೆದ ಜಾಗ ಯಾಕೆ ಸವೆದಿದೆ ಎಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ವೆಂಡೆಲಿನ್


ಹಾರ್ಲೆಮ್, 14 ಡಿಸೆಂಬರ್ 1981

ಯೋಸ್ ಅಣ್ಣ,

ನಿನಗೆ ಬರೆಯುವುದು ಹೇಗೆಂದು ಮರೆತಿದೆ. ವೆಂಡೆಲಿನ್ ಓದಿ ಹೇಳುತ್ತಾನೆ, ನೀನು ಮಧ್ಯದಲ್ಲಿ ಎದ್ದು ಹೋಗಲಾರೆ ಎಂಬುದೊಂದು ಅನುಕೂಲ.

ಮೊದಲು ಬೈದುಬಿಡುತ್ತೇನೆ. ಹನ್ನೊಂದು ವರ್ಷದವಳಿಗೆ ಹೇಳಬಾರದಿತ್ತು, ಒಪ್ಪಿದೆ. ಇಪ್ಪತ್ತಕ್ಕೆ ಹೇಳಬಹುದಿತ್ತು. ನಲವತ್ತಕ್ಕೆ ಹೇಳಬಹುದಿತ್ತು. ನನ್ನ ಗಂಡ ಸತ್ತಾಗ ಬಂದು ಬಾಗಿಲಲ್ಲಿ ನಿಂತಿದ್ದರೆ ಸಾಕಿತ್ತು, ಏನೂ ಹೇಳದಿದ್ದರೂ ನಡೆಯುತ್ತಿತ್ತು. ನಿನ್ನನ್ನು ದ್ವೇಷಿಸುವುದು ನನಗೆ ಸುಲಭವಾಗಿರಲಿಲ್ಲ ಕಣೋ. ದಿನಾ ಮಾಡಬೇಕಾದ ಕೆಲಸವಾಗಿತ್ತು ಅದು. ಒಂದು ದಿನ ಬಿಟ್ಟರೆ, ನೀನು ಹಲಗೆ ಬಗ್ಗಿಸಿ ನನಗೆ ಸ್ಕೀ ಮಾಡಿಕೊಟ್ಟದ್ದು ನೆನಪಾಗುತ್ತಿತ್ತು.

ಕಾಗದ ಬಂದ ದಿನ ಸೇತುವೆಯವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಬ್ರೆಡ್ಡು ತರುವುದು ಮರೆತೆ. ಅಮ್ಮನ ಮುಖ ನೋಡಿದವನು ನೀನೊಬ್ಬನೇ, ಅದನ್ನು ಒಬ್ಬನೇ ಇಟ್ಟುಕೊಂಡೆ. ನನಗೆ ಅವಳ ಮುಖ ಹೇಗಿತ್ತೋ ಹಾಗೆಯೇ ಇದೆ, ಗೋಧಿ ಬಣ್ಣದ ಹುಬ್ಬು, ಕೆನ್ನೆಯ ಮಚ್ಚೆ, ಎಲ್ಲ. ಅದನ್ನು ಉಳಿಸಿಕೊಟ್ಟವನು ನೀನು ಎಂದು ಎಪ್ಪತ್ತರ ಹತ್ತಿರ ಬಂದು ಗೊತ್ತಾಗುತ್ತಿದೆ. ಅತ್ತುಬಿಟ್ಟೆ. ಇನ್ನೂ ಅಳು ನಿಂತಿಲ್ಲ.

ಚಿತ್ರ ಹಾಕಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಅಮ್ಮನ ಹೆಸರು ಮೊದಲು ಬರಲಿ: ಗಾಲ್ಪಿನ ಬಾರ್ಬರಾ, ಇಗರ್ಜಿಗೆ ಹೋಗುತ್ತಿರುವುದು, ಫೆಬ್ರವರಿ 1924. ಮುಂದೆ ಮಗ ಯೋಸ್, ಹಿಂದೆ ಮಗಳು ಅಗಾಥಾ. ಮೊದಲ ಸ್ಕೀ ಯಾತ್ರೆ ಎಂದು ಬೇಕಾದರೆ ಎಂಗೆಲ್‌ಬರ್ಟ್ ಬರೆದುಕೊಳ್ಳಲಿ, ಅದು ಸುಳ್ಳಲ್ಲವಲ್ಲ. ಆ ಹೋಟೆಲಿನವನಿಗೆ ಹೆಸರು ಬದಲಿಸಲು ನಾನೇ ಬಂದು ಹೇಳುತ್ತೇನೆ.

ಹೌದು, ಬರುತ್ತೇನೆ. ಶನಿವಾರ ಸಂಜೆಯ ರೈಲು. ಭಾನುವಾರ ಅವರ ಭಾಷಣ ಮುಗಿದ ಮೇಲೆ ನನಗೊಂದು ಕೆಲಸವಿದೆ, ತಯಾರಾಗಿರು. ನಿಲ್ದಾಣದಿಂದ ಇಗರ್ಜಿಗೆ ಹಳೆಯ ದಾರಿಯಲ್ಲೇ ಹೋಗೋಣ. ಗಿರಣಿಯೂ ಕಮ್ಮಾರನ ಮನೆಯೂ ಈಗ ಹೋಟೆಲುಗಳಂತೆ, ಇರಲಿ. ನೀನು ಕುರ್ಚಿಯಲ್ಲಿ ಮುಂದೆ ಇರು, ನಾನು ಹಿಂದಿನಿಂದ ತಳ್ಳುತ್ತೇನೆ. ಒಂದೊಂದು ಬಾಗಿಲ ಮುಂದೆಯೂ ನಿಲ್ಲಿಸುತ್ತೇನೆ. ಅಮ್ಮನ ಹೆಸರು ಕೂಗು. ತೊದಲಿದರೆ ತೊದಲಲಿ. ಸ್ಕೀ ಬೂಟು ಹಾಕಿಕೊಂಡ ಯಾರೋ ಪರದೇಶದವರು ಹೊರಗೆ ಬಂದು ನೋಡಿದರೆ ನೋಡಲಿ, ಬಾಗಿಲಿಗೆ ಬಂದು ನಿಲ್ಲುವುದೇ ಪದ್ಧತಿ.

ಫ್ಯೋನ್ ಇನ್ನೂ ಬೀಸುತ್ತಿದ್ದರೆ ನಿನ್ನ ಕಾಲ ಮೇಲಿನ ಕಂಬಳಿ ಹಾರೀತು. ಅದರ ಚಿಂತೆ ನಿನಗೆ ಬೇಡ, ನಾನು ಹಿಡಿದುಕೊಳ್ಳುತ್ತೇನೆ. ನಿನ್ನ ಬಾಯಿ ಖಾಲಿ ಇರಲಿ.

ನಿನ್ನ ತಂಗಿ,
ಅಗಾಥಾ